ಉಂಗುರಬೆರಳಿನ ಉಗುರು

ಮೂರು ವಾರದಿಂದ ಅಕ್ಕನ ಬಲಗೈ ಉಗುರುಗಳನ್ನು ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೆ. ಅವಳದು ನೈಲಾನ್ ತಂತಿಯ ಗಿಟಾರು, ಮೀಟುವುದು ಉಗುರಿನಿಂದಲೇ. ಹಾಗಾಗಿ ಪಾತ್ರೆ ತೊಳೆಯುವುದು, ಬಿಗಿದ ಮುಚ್ಚಳ ತೆಗೆಯುವುದು ಎಲ್ಲ ನನ್ನ ಪಾಲಿಗೆ. ದನಿ ಗುಂಯ್‌ಗುಡದಂತೆ ಮಲಗುವ ಕೋಣೆಯ ಗೋಡೆಗೆ ಹಾಸಿಗೆ ಒರಗಿಸಿ, ಅವಳ ಮೊದಲ ಆಲ್ಬಮಿನ ಒಂಬತ್ತು ರಚನೆಗಳನ್ನು ಧ್ವನಿಮುದ್ರಿಸಿದ್ದಾಗಿತ್ತು. ಉಳಿದದ್ದು ಒಂದೇ, ಬ್ರೆಜಿಲ್ಲಿನ ಬೋಸಾ ನೋವಾ ಲಯದ್ದು, ತೊಟ್ಟಿಲಂತೆ ತೂಗುವಂಥದ್ದು. ರೆಕಾರ್ಡಿಂಗಿನವರು ಮೂರು ಗಂಟೆಗೆ ಬರುವವರಿದ್ದರು. ನಾಳೆಯಿಂದ ಆರು ತಿಂಗಳು ಅವರು ಊರಲ್ಲಿರುವುದಿಲ್ಲ.

ಎರಡೂವರೆಗೆ ಅಕ್ಕನ ಉಂಗುರಬೆರಳಿನ ಉಗುರಂಚು ತುಸು ಒರಟಾಗಿದೆ ಅನ್ನಿಸಿತು. ಅರ ಹಿಡಿದು ಒಮ್ಮೆ ಉಜ್ಜಿದೆ. ಉಗುರು ಬುಡದವರೆಗೂ ಸೀಳಿತು.

"ಅಯ್ಯೋ ಅಕ್ಕಾ, ಕೆಡಿಸಿಬಿಟ್ಟೆ!"

"ಕಾವಲುಗಾರ್ತಿನೂ ನೀನೇ, ಕಳ್ಳಿನೂ ನೀನೇ ಆದ್ಯಲ್ಲೇ," ಎಂದು ಅಕ್ಕ ಸೀಳನ್ನು ಕತ್ತರಿಸಿ, ಬರೀ ಬೆರಳ ತುದಿಯಿಂದ ತಂತಿ ಮೀಟಿದಳು. ಕಂಬಳಿಯೊಳಗಿಂದ ಯಾರೋ ಮಾತಾಡಿದಂತೆ ಕೇಳಿಸಿತು. ಅವಳ ನಗು ಮಾಯವಾಯಿತು.

ಆಮೇಲೆ ಬಾಗಿಲಲ್ಲಿ ನಿಂತಿದ್ದ ಭಾವನ ಕಡೆ ತಿರುಗಿದಳು. "ರೀ, ನಿಮ್ಮ ಟೇಬಲ್ ಟೆನಿಸ್ ಚೆಂಡು ಕೊಡಿ."

"ಅದು ಆಫೀಸಿನ ಫೈನಲ್ ಗೆದ್ದ ಚೆಂಡು ಕಣೇ!"

"ಹೌದು, ಗೆದ್ದಿದ್ದು ಚೆಂಡೇ, ನೀವಲ್ಲ. ತನ್ನಿ."

ಗಿಟಾರಿನವರಿಗೆ ಇದು ಹಳೆಯ ಉಪಾಯವಂತೆ: ಚೆಂಡಿನಿಂದ ಉಗುರಿನಷ್ಟು ಕತ್ತರಿಸಿ, ಮುರಿದದ್ದರ ಮೇಲೆ ಅಂಟಿಸುವುದು. ಅಕ್ಕ ಕತ್ತರಿಯನ್ನು ನನ್ನ ಕೈಗಿತ್ತಳು.

"ಇಷ್ಟಾದ ಮೇಲೂ ನನಗಾ?"

"ನಿನ್ನಷ್ಟು ಹೆದರ್ಕೊಂಡು ಕೆಲಸ ಮಾಡೋರು ಈ ಮನೇಲಿ ಇನ್ಯಾರಿದಾರೆ?"

ಮೊದಲನೆಯದು ದೊಡ್ಡದಾಯಿತು. ಎರಡನೆಯದು ಭಾವನ ಅಂಗಿತೋಳಿಗೆ ಅಂಟಿಕೊಂಡಿತು. ಮೂರನೆಯದು ಬೆರಳಿನ ಮೇಲೆ ಕೂತಿತು.

"ಇದೇನಮ್ಮ, ಬೆರಳಿಗೆ ಹೆಲ್ಮೆಟ್ಟಾ?" ಎಂದರು ಬಂದ ರೆಕಾರ್ಡಿಂಗಿನವರು. ಮೈಕನ್ನು ಗಿಟಾರಿಗೆ ಗೇಣು ದೂರದಲ್ಲಿಟ್ಟರು. ಉಸಿರೂ ದಾಖಲಾಗುವಷ್ಟು ಹತ್ತಿರ. ನಾನೂ ಭಾವನೂ ಬಾಗಿಲ ಹೊರಗೆ ಕೂತೆವು. ಹೊಸ ಉಗುರಿನ ದನಿ ಉಳಿದವಕ್ಕಿಂತ ಚುರುಕಾಗಿತ್ತು. ಆ ತೂಗುಲಯದಲ್ಲಿ ಪಕ್ಕದ ಬೆರಳುಗಳನ್ನು ಕೆಣಕುತ್ತಾ, ಅವುಗಳಿಗೆ ಸಿಕ್ಕಿಬೀಳುವ ಮುಂಚೆ ಜಾರಿಕೊಳ್ಳುತ್ತಿತ್ತು. ಪ್ರತಿ ಮೀಟಿಗೂ ಅಂಟು ಬಿಟ್ಟಿತೇ ಎಂದು ಕಿವಿಗೊಟ್ಟೆ. ನಾಲ್ಕು ನಿಮಿಷ ಹಾಗೇ ಕಳೆಯಿತು.

ರೆಕಾರ್ಡಿಂಗಿನವರು ಹೆಡ್‌ಫೋನ್ ಕೆಳಗಿಟ್ಟರು. "ಹತ್ತರಲ್ಲಿ ಇದೇ ಎಲ್ಲಕ್ಕಿಂತ ಜೀವಂತವಾಗಿದೆ."

ಅಕ್ಕನಿಗೆ ಆಸೆ ಹುಟ್ಟಿತು. "ಇನ್ನೊಂದು ಸಲ ನುಡಿಸಲಾ? ಕೊನೇ ಭಾಗ ಇನ್ನೂ ಚೆನ್ನಾಗಿ ಬರುತ್ತೆ."

"ಬೇಡ," ಎಂದೆ ನಾನು.

ಬೀಗ ಹಾಕಿದ ಬಾಗಿಲನ್ನೂ ಎರಡು ಸಲ ಎಳೆದು ನೋಡುವವಳು ನಾನು. ಅಂಥ ನಾನೇ ಒಂದೇ ಸಲಕ್ಕೆ ಸಾಕು ಅಂದಿದ್ದೆ. ಅಕ್ಕ ನನ್ನ ಮುಖವನ್ನೇ ದಿಟ್ಟಿಸಿ, ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟಳು.