ಹದಿನಾಲ್ಕನೇ ಹಾಸಿಗೆಯ ಊಟದ ಚೀಟಿ

ಊಟ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಇಷ್ಟೊಂದು ಮಾತು ಬೇಕಾಗುತ್ತದೆಂದು ಸೂಪಕ್ಕನಿಗೆ ನಲವತ್ತಾರು ತುಂಬುವವರೆಗೂ ಗೊತ್ತಿರಲಿಲ್ಲ. ಹಸಿವಾದರೆ ತಿನ್ನುವುದು, ಹೊಟ್ಟೆ ತುಂಬಿದರೆ ಏಳುವುದು, ಇಷ್ಟೇ ಅಂದುಕೊಂಡಿದ್ದಳು. ಈಗ ನೋಡಿದರೆ ಸ್ವಲ್ಪ ಹಸಿದವನಿಗೆ ಒಂದು ಮಾತು, ಹಸಿದು ಕಂಗಾಲಾದವನಿಗೆ ಇನ್ನೊಂದು. ಗಬಗಬ ನುಂಗುವವನಿಗೆ ಒಂದು, ತಟ್ಟೆಯನ್ನು ಕೋಳಿ ಕೆದಕಿದ ಹಾಗೆ ಕೆದಕಿ ಬಿಡುವವನಿಗೆ ಮತ್ತೊಂದು. ನಾದಿನಿ ಬರೆದುಕೊಟ್ಟ ನೋಟ್‌ಬುಕ್ಕಿನಲ್ಲಿ ಒಟ್ಟು ನೂರ ಹನ್ನೆರಡು ಮಾತುಗಳಿದ್ದವು. ಒಂದೊಂದೂ ಕಬ್ಬಿಣದ ಕಡಲೆ.

ಆಸ್ಪತ್ರೆಯ ಅಡುಗೆಮನೆಗೆ ಸೇರಿ ಅವಳಿಗೆ ಹದಿನಾಲ್ಕು ವರ್ಷ. ಮೊದಲ ಆರು ವರ್ಷ ನೆಲಮಾಳಿಗೆಯಲ್ಲಿ ತಟ್ಟೆ ತೊಳೆದಳು. ಅಲ್ಲಿಯ ಸೋಪಿನ ನೀರಿಗೆ ಅಂಗೈ ಬಿರಿದು, ಬೆರಳ ಸಂದಿಯಲ್ಲಿ ರಕ್ತ ಜಿನುಗಿ, ಮನೆಯಲ್ಲಿ ತುತ್ತು ಬಾಯಿಗಿಟ್ಟರೆ ಉಪ್ಪು ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಯಾರದೋ ಪುಣ್ಯದಿಂದ ಮೂರನೇ ಮಹಡಿಯ ವಾರ್ಡಿಗೆ ಟ್ರೇ ಒಯ್ಯುವ ಕೆಲಸ ಸಿಕ್ಕಿತು. ಎಂಟು ವರ್ಷದಿಂದ ಅವಳು ರೋಗಿಗಳಿಗೆ ಸೂಪು ಬಡಿಸುತ್ತಿದ್ದಳು. ಹೆಸರು ಹೋಗಿ ಸೂಪಕ್ಕ ಉಳಿದಿತ್ತು. ಅಂಗೈ ಮಾಯ್ದಿತ್ತು.

ಈಗ ಪಥ್ಯದ ಮೇಡಂ ಹೊಸ ನಿಯಮ ತಂದಿದ್ದರು. ಯಾವ ರೋಗಿಗೆ ಏನು ಊಟ ಎಂದು ನಿರ್ಧರಿಸುವವರು ಅವರೇ, ಹಾಗಾಗಿ ಅಡುಗೆಮನೆಯಲ್ಲಿ ಅವರಿಗೆ ಆ ಹೆಸರು. ಬೇರೆ ಬೇರೆ ದೇಶದ ರೋಗಿಗಳು ಬರುತ್ತಿದ್ದಾರೆ, ಟ್ರೇ ಒಯ್ಯುವವರು ಇಂಗ್ಲಿಷಿನಲ್ಲಿ ಅವರ ಊಟದ ಅಭ್ಯಾಸ ಕೇಳಿ ಚೀಟಿಯಲ್ಲಿ ಬರೆಯಬೇಕು. ಸೋಮವಾರ ವಾರ್ಡಿನಲ್ಲೇ ಪರೀಕ್ಷೆ. ಫೇಲಾದವರು ನೆಲಮಾಳಿಗೆಗೆ.

ಆ ಮಾತು ಕೇಳಿದ ದಿನವೇ ಸೂಪಕ್ಕ ಜಂಬ ಬಿಟ್ಟು ನಾದಿನಿಯ ಮುಂದೆ ಕೂತಳು. ನಾದಿನಿ ಟ್ಯೂಷನ್ ಟೀಚರು. ಸೂಪಕ್ಕ ಸೊಸೆಯಾಗಿ ಬಂದ ದಿನದಿಂದ ಅತ್ತಿಗೆ ನಾದಿನಿಗೆ ಅಷ್ಟಕ್ಕಷ್ಟೆ. ಇಪ್ಪತ್ತು ವರ್ಷದ ಬಾಕಿಯನ್ನೆಲ್ಲ ತೀರಿಸಿಕೊಳ್ಳುವವಳ ಹಾಗೆ ಅವಳು ಪಾಠ ಶುರುಮಾಡಿದಳು.

"ಅತ್ತಿಗೆ, ರುಚಿ ಹೆಂಗಿದೆ ಅಂತ ಕೇಳಿ ನೋಡೋಣ."

"ಈಸ್ ಇಟ್ ಟೇಸ್ಟಿ?"

"ಮುಖ ಯಾಕೆ ಹಂಗೆ ಗಂಟು ಹಾಕ್ಕೊಂಡು ಕೇಳ್ತೀರಿ? ರೋಗಿ ಹೆದರ್ಕೊಂಡು ಹೌದು ಅಂದ್ಬಿಡ್ತಾನೆ."

"ನೀನು ಮುಂದೆ ಕೂತಿದ್ರೆ ನಗು ಎಲ್ಲಿಂದ ಬರುತ್ತಮ್ಮ."

ಗಂಡ ತಟ್ಟೆಯ ಮೇಲೆ ಬಗ್ಗಿ ನಗು ನುಂಗಿಕೊಂಡ. ಇಂಗ್ಲಿಷಿನಲ್ಲಿ ಕೇಳದೆ ಉಪ್ಪೂ ಕೊಡಬಾರದೆಂದು ನಾದಿನಿಯ ಕಟ್ಟಪ್ಪಣೆಯಾದದ್ದರಿಂದ ಅವನು ವಾರವಿಡೀ ಸಪ್ಪೆ ಉಂಡ. ಆದರೆ ಭಾನುವಾರ ಸಂಜೆಯ ಹೊತ್ತಿಗೆ ನೂರ ಹನ್ನೆರಡೂ ಸೂಪಕ್ಕನಿಗೆ ಬಾಯಿಪಾಠವಾಗಿತ್ತು. ನಾದಿನಿ ನೋಟ್‌ಬುಕ್ಕು ಮುಚ್ಚಿ, "ನೀವು ಪಾಸಾಗ್ತೀರಿ ಅತ್ತಿಗೆ" ಎಂದಳು. ಹೊಗಳುವುದು ಅವಳ ಜಾಯಮಾನದಲ್ಲಿಲ್ಲ. ಸೂಪಕ್ಕನಿಗೆ ಅದಕ್ಕೇ ಧೈರ್ಯ ಬರಬೇಕಿತ್ತು. ಬರಲಿಲ್ಲ. ಅವಳನ್ನು ಕೊರೆಯುತ್ತಿದ್ದದ್ದು ಬೇರೆ.

ಆ ಅಡುಗೆಮನೆಗೆ ಒಂದು ಪದ್ಧತಿಯಿತ್ತು. ಹೆಡ್ ಕುಕ್ಕಿಗೆ ಊಟ ವಾಪಸ್ಸು ಬರುವುದೆಂದರೆ ಆಗದು. ಅರ್ಧ ಉಳಿದ ತಟ್ಟೆ ಕಣ್ಣಿಗೆ ಬಿದ್ದರೆ ಒಯ್ದವರ ಜನ್ಮ ಜಾಲಾಡಿಬಿಡುತ್ತಿದ್ದ, ತಣ್ಣಗೆ ಮಾಡಿ ಕೊಟ್ಟೆ, ಮುಖ ನೋಡಿ ಕೊಡಲಿಲ್ಲ, ನಿನ್ನಿಂದಲೇ ರೋಗಿ ತಿನ್ನಲಿಲ್ಲ ಎಂದು. ಅದಕ್ಕೆ ಟ್ರೇಯವರು ಲಿಫ್ಟಿನ ಪಕ್ಕ ಒಂದು ಮುಚ್ಚಳದ ಬಕೆಟ್ ಇಟ್ಟುಕೊಂಡಿದ್ದರು. ಉಳಿದದ್ದನ್ನು ಅಲ್ಲೇ ಬಳಿದು ಸುರಿದು, ಹಾಸಿಗೆಯ ಕಾಲ ಬಳಿಯ ಚೀಟಿಯಲ್ಲಿ 'ಫಿನಿಷ್ಡ್' ಎಂದು ಬರೆದು, ಖಾಲಿ ತಟ್ಟೆಗಳನ್ನು ಕೆಳಗೆ ಕಳಿಸುತ್ತಿದ್ದರು. ಬಕೆಟ್ಟನ್ನು ದಿನಾ ಬೆಳಿಗ್ಗೆ ಹಂದಿ ಸಾಕುವವನು ಒಯ್ಯುತ್ತಿದ್ದ. ಯಾರಿಗೂ ತೊಂದರೆಯಿಲ್ಲ ಅಂತ ಎಲ್ಲರ ನಂಬಿಕೆ. ಎಂಟು ವರ್ಷ ಸೂಪಕ್ಕನೂ ಹಾಗೇ ನಂಬಿದ್ದಳು.

ಹದಿನಾಲ್ಕನೇ ಹಾಸಿಗೆಗೆ ಗುರುವಾರ ಒಬ್ಬ ಮುದುಕ ಬಂದಿದ್ದ. ಹಡಗಿನಲ್ಲಿ ಎಂಜಿನಿಯರ್ ಆಗಿದ್ದವನಂತೆ, ಬೇರೆ ದೇಶದವನು, ಜೊತೆಗೆ ಯಾರೂ ಇಲ್ಲ. ಕಾಲಿನ ಗಾಯ, ಜ್ವರ, ಸಕ್ಕರೆ ಕಾಯಿಲೆ. ಟ್ರೇ ಇಟ್ಟರೆ ಕೈಮುಗಿದಷ್ಟು ವಿನಯದಿಂದ ಥ್ಯಾಂಕ್ಸ್ ಹೇಳುತ್ತಿದ್ದ. ಮೊದಲ ದಿನ ಮಧ್ಯಾಹ್ನದ ಊಟದಿಂದಾಚೆಗೆ ಅವನು ಬರೀ ಚಹಾ ಕುಡಿಯುತ್ತಿದ್ದ. ಅವನ ಪಥ್ಯದಲ್ಲಿ ಸೂಪಿರಲಿಲ್ಲ. ಬ್ರೆಡ್ಡು, ಮಾಂಸದ ತುಂಡು, ಸೇಬಿನ ಹೋಳು, ಎಲ್ಲ ಇಟ್ಟದ್ದು ಇಟ್ಟ ಹಾಗೆ. ಸೂಪಕ್ಕ ಎಲ್ಲವನ್ನೂ ಬಕೆಟ್ಟಿಗೆ ಬಳಿದಳು. ಶುಕ್ರ, ಶನಿ, ಭಾನು, ಮೂರೂ ದಿನ ಫಿನಿಷ್ಡ್ ಎಂದು ಬರೆದಳು. ನಾದಿನಿ ಕಲಿಸುವ ಮೊದಲೇ ಅವಳಿಗೆ ಬರುತ್ತಿದ್ದ ಇಂಗ್ಲಿಷು ಅದೊಂದೇ, ಅಕ್ಷರ ದುಂಡಗೆ ಬರುತ್ತಿತ್ತು.

ಸೋಮವಾರ ಹನ್ನೊಂದೂವರೆಗೆ ಪಥ್ಯದ ಮೇಡಂ ಹಲಗೆಗೆ ಸಿಕ್ಕಿಸಿದ ಕಾಗದ ಹಿಡಿದು ವಾರ್ಡಿಗೆ ಬಂದರು. "ಹತ್ತು ಪ್ರಶ್ನೆ. ಇಂಗ್ಲಿಷಲ್ಲೇ ಕೇಳ್ಬೇಕು, ಉತ್ತರ ಬರೀಬೇಕು. ಮಧ್ಯ ನಮ್ಮ ಮಾತು ಬಂತೋ, ಅಲ್ಲಿಗೆ ಮುಗೀತು" ಎಂದು ಸುತ್ತ ನೋಡಿ, "ಹದಿನಾಲ್ಕನೇ ಹಾಸಿಗೆ" ಎಂದರು.

ಇಪ್ಪತ್ತು ಹಾಸಿಗೆಯಲ್ಲಿ ಇವನೇ ಸಿಗಬೇಕೇ. ಆದರೂ ಸೂಪಕ್ಕ ಹೋಗಿ ನಿಂತಳು, ನಾದಿನಿ ಹೇಳಿದ ಹಾಗೆ ಮುಖ ಸಡಿಲ ಮಾಡಿದಳು, ಗುಡ್ ಮಾರ್ನಿಂಗ್ ಸರ್ ಎಂದಳು. ಮುದುಕ ದಿಂಬಿಗೆ ಒರಗಿ ಎಂದಿನಂತೆ ಕರ್ಚೀಫು ಬಾಯಿಗೆ ಹಿಡಿದಿದ್ದ. ಕೆಮ್ಮು ಎಂದು ಅವಳು ತಿಳಿದಿದ್ದಳು. ಕೆನ್ನೆ ಒಳಗೆ ಹೋಗಿತ್ತು.

ಹಸಿವು ಹೇಗಿದೆ ಎಂದು ಕೇಳಿದಳು. ಗುಡ್, ಎಂದ. ಊಟ ರುಚಿಯಾಗಿದೆಯೇ? ವೆರಿ ಗುಡ್. ಖಾರ ಜಾಸ್ತಿಯೇ? ಇಲ್ಲ. ಮೈಗೆ ಆಗದ ಪದಾರ್ಥ ಏನಾದರೂ ಇದೆಯೇ? ಇಲ್ಲ. ಸಿಹಿ ಬಿಟ್ಟಿದ್ದೀರಾ, ದಿನಕ್ಕೆ ಎಷ್ಟು ಸಲ ತಿನ್ನುತ್ತೀರಿ, ಮಾಂಸ ತಿನ್ನುತ್ತೀರಾ, ಹಾಲು ಕುಡಿಯುತ್ತೀರಾ. ಒಂದೂ ತಡವರಿಸದೆ ಕೇಳಿದಳು, ಬಾಯಿ ತಾನಾಗಿ ಮುಂದೆ ಹೋಗುತ್ತಿತ್ತು, ಕಣ್ಣು ಮಾತ್ರ ಆ ಕೆನ್ನೆಯ ಮೇಲೇ ನಿಂತಿತ್ತು. ಹತ್ತನೆಯದು, ಬಡಿಸಿದ್ದನ್ನೆಲ್ಲ ತಿನ್ನುತ್ತೀರಾ ಎಂಬುದು. ಮುದುಕ ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ಯೆಸ್, ಎಂದ.

ಅವನಿಗೆ ಗೊತ್ತು, ತನಗೂ ಗೊತ್ತು. ಸೂಪಕ್ಕ ಯೆಸ್ ಎಂದೇ ಬರೆದಳು.

ಮೇಡಂ ಕಾಗದ ತೆಗೆದುಕೊಂಡು ನೋಡಿದರು, ಕೆಳಗೆ ಸಹಿ ಹಾಕಿದರು. "ಪರವಾಗಿಲ್ವೇ. ಇಷ್ಟು ಚೆನ್ನಾಗಿ ಇವತ್ತು ಯಾರೂ ಮಾಡಿಲ್ಲ. ಪಾಸು."

ಸೂಪಕ್ಕ ಬದುಕಿದೆಯಾ ಬಡಜೀವವೇ ಎಂದುಕೊಂಡು ಟ್ರೇ ಗಾಡಿಯ ಹಿಡಿಕೆ ಹಿಡಿದಳು. ಅಷ್ಟರಲ್ಲಿ ನರ್ಸು ಬಂದಳು. ಅವಳೂ ಬೇರೆ ಕಡೆಯವಳು, ಇಂಗ್ಲಿಷು ಬಿಟ್ಟು ಬೇರೆ ಮಾತು ಬಾರದವಳು. ಕೈಯಲ್ಲಿ ಚಿಕ್ಕ ತಟ್ಟೆ, ತಟ್ಟೆಯಲ್ಲಿ ಸಿರಿಂಜು. ಇನ್ಸುಲಿನ್, ಇವತ್ತಿನಿಂದ ಹೊಸದಾಗಿ ಶುರು ಎಂದು ಮೇಡಮ್ಮಿಗೆ ಹೇಳಿದಳು. ಇಷ್ಟು ದಿನ ಮಾತ್ರೆಯಿತ್ತು. ಡಾಕ್ಟರು ಬೆಳಿಗ್ಗೆ ಊಟದ ಚೀಟಿ ನೋಡಿ, ಜ್ವರಕ್ಕೆ ಸಕ್ಕರೆ ಏರಿದೆ, ಪೂರ್ತಿ ತಿನ್ನುತ್ತಿದ್ದಾನೆ, ಊಟಕ್ಕೆ ಮುಂಚೆ ಒಂದೊಂದು ಇಂಜೆಕ್ಷನ್ ಕೊಡಿ ಎಂದಿದ್ದಾರೆ.

ಸೂಪಕ್ಕನಿಗೆ ಆ ಇಂಗ್ಲಿಷು ಪೂರ್ತಿ ಅರ್ಥವಾಗಲಿಲ್ಲ. ಇನ್ಸುಲಿನ್ ಅರ್ಥವಾಯಿತು. ಎಂಟು ವರ್ಷ ವಾರ್ಡಿನಲ್ಲಿ ತಿರುಗಿದವಳಿಗೆ ಅಷ್ಟು ತಿಳಿಯದೇ? ಆ ಸೂಜಿ ಚುಚ್ಚಿಸಿಕೊಂಡವರು ಊಟ ಬಿಡುವ ಹಾಗಿಲ್ಲ. ಬಿಟ್ಟ ಒಬ್ಬ ಹೆಂಗಸು ಬೆವರಿ, ನಡುಗಿ, ಕಣ್ಣು ಮೇಲೆ ಮಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ನರ್ಸು ಹಾಸಿಗೆಯ ಕಾಲ ಬಳಿಯ ಚೀಟಿ ಎತ್ತಿ ಓದಿದಳು. ಫಿನಿಷ್ಡ್, ಫಿನಿಷ್ಡ್, ಫಿನಿಷ್ಡ್. ತಲೆಯಾಡಿಸಿ ಚೀಟಿ ಇಟ್ಟಳು. ಮುದುಕನ ತೋಳಿನ ಬಟ್ಟೆ ಮೇಲೆ ಸರಿಸಿದಳು.

ಹೇಳದಿದ್ದರೆ ಏನಾದೀತು? ಇವತ್ತೊಂದು ದಿನ ತಿಂದಾನು. ಪಕ್ಕದಲ್ಲೇ ನಿಂತು ಬಲವಂತ ಮಾಡಿ ತಿನ್ನಿಸಿದರಾಯಿತು. ಮೇಡಮ್ಮಿನ ಸಹಿಯ ಮಸಿ ಇನ್ನೂ ಆರಿರಲಿಲ್ಲ. ಸೂಪಕ್ಕ ತನ್ನ ಅಂಗೈ ನೋಡಿಕೊಂಡಳು. ನರ್ಸು ಸಿರಿಂಜಿನ ಮುಚ್ಚಳ ತೆಗೆದಳು.

"ನೋ" ಎಂದಳು ಸೂಪಕ್ಕ. ಯಾರಿಗೂ ಕೇಳಿಸಲಿಲ್ಲ. ನೂರ ಹನ್ನೆರಡರಲ್ಲಿ ಹುಡುಕಿದಳು. ಹುಳಿ, ಒಗರು, ಜಿಡ್ಡು, ಹೊಟ್ಟೆಬಾಕ, ಎಲ್ಲ ಇದ್ದವು. ನಾನು ಸುಳ್ಳು ಬರೆದೆ ಎನ್ನುವುದಕ್ಕೆ ಬೇಕಾದ ಮಾತು ಅಲ್ಲಿರಲಿಲ್ಲ. ಊಟದ ಪಟ್ಟಿಗೆ ಅದನ್ನು ಸೇರಿಸಬೇಕೆಂದು ನಾದಿನಿಗಾದರೂ ಹೇಗೆ ಹೊಳೆಯಬೇಕು?

ಅವಳು ಗಾಡಿ ಬಿಟ್ಟು ಹೋಗಿ ನರ್ಸಿನ ಮಣಿಕಟ್ಟು ಹಿಡಿದಳು. "ನೋ ಇಂಜೆಕ್ಷನ್. ಹಿ ನಾಟ್ ಈಟ್. ತ್ರೀ ಡೇಸ್ ನಾಟ್ ಈಟ್. ಐ ಥ್ರೋ. ಐ ರೈಟ್ ಫಿನಿಷ್ಡ್." ನರ್ಸು ಕಣ್ಣುಬಿಟ್ಟು ನೋಡಿದಳು. ಸೂಪಕ್ಕ ಮೇಡಮ್ಮಿನ ಕಡೆ ತಿರುಗಿದಳು. "ಅವರು ಏನೂ ತಿಂದಿಲ್ಲ ಮೇಡಂ. ನಾನೇ ಬಕೆಟ್ಟಿಗೆ ಸುರಿದು ಸುಳ್ಳು ಬರೆದಿದ್ದೀನಿ. ಚುಚ್ಚಬೇಡಿ ಅಂತ ಹೇಳಿ."

ನರ್ಸು ಸಿರಿಂಜು ಕೆಳಗಿಟ್ಟು ಮುದುಕನ ಬೆರಳು ಚುಚ್ಚಿ ಒಂದು ತೊಟ್ಟು ರಕ್ತ ನೋಡಿದಳು. ಯಂತ್ರದಲ್ಲಿ ಅಂಕೆ ಮೂಡಿತು. ಅವಳ ಮುಖ ಬಿಳಿಚಿಕೊಂಡಿತು. ಬೆಳಗಿನದಕ್ಕಿಂತ ತುಂಬ ಇಳಿದಿದೆ, ಇದರ ಮೇಲೆ ಕೊಟ್ಟಿದ್ದರೆ, ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು.

ಮೇಡಂ ಹಾಸಿಗೆಯ ಅಂಚಿನಲ್ಲಿ ಕೂತು ಇಂಗ್ಲಿಷಿನಲ್ಲಿ ಕೇಳಿದರು, ಯಾಕೆ ತಿನ್ನಲಿಲ್ಲ, ಯಾಕೆ ಹೇಳಲಿಲ್ಲ. ಮುದುಕ ಬಾಯಿಂದ ಕರ್ಚೀಫು ತೆಗೆದ. ಮೇಲಿನ ದವಡೆಯಲ್ಲಿ ಒಂದು ಹಲ್ಲೂ ಇರಲಿಲ್ಲ. ನಾಚಿಕೆಯಿಂದ ಮತ್ತೆ ಬಾಯಿ ಮುಚ್ಚಿಕೊಂಡು, ತೊದಲುತ್ತ, ನಿಧಾನವಾಗಿ ಹೇಳಿದ. ಗುರುವಾರ ಊಟದ ಹೊತ್ತಿಗೆ ಹಲ್ಲಿನ ಸೆಟ್ಟು ಒತ್ತುತ್ತಿತ್ತು. ತೆಗೆದು ಟಿಶ್ಯೂನಲ್ಲಿ ಸುತ್ತಿ ಟ್ರೇಯ ಮೂಲೆಗಿಟ್ಟೆ. ಕಣ್ಣು ಹತ್ತಿತು. ಎದ್ದಾಗ ಟ್ರೇ ಇರಲಿಲ್ಲ.

"ಆಗಲೇ ಕೇಳಬಹುದಿತ್ತಲ್ಲ" ಎಂದು ಮೇಡಂ ಇಂಗ್ಲಿಷಿನಲ್ಲೇ ಕೇಳಿದರು.

ಕೇಳಿದರೆ ಪಾಪ ಯಾರದೋ ಕೆಲಸ ಹೋಗುತ್ತಿತ್ತು, ಎಂದ ಮುದುಕ. ಮುಂದಿನ ವಾರ ಮಗಳು ಬರುತ್ತಾಳೆ, ಅಲ್ಲಿಯವರೆಗೆ ಹೇಗೋ ತಡೆದುಕೊಳ್ಳೋಣ ಅಂದುಕೊಂಡೆ.

ಈ ಮಾತುಗಳನ್ನು ಸೂಪಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಟೀತ್, ಟಿಶ್ಯೂ, ಟ್ರೇ, ಜಾಬ್, ಅಷ್ಟು ಕೇಳಿಸಿದ್ದೇ ಸಾಕಾಗಿತ್ತು. ಗುರುವಾರ ಬಳಿಯುವಾಗ ಟಿಶ್ಯೂ ಉಂಡೆಯೊಂದು ಬಕೆಟ್ಟಿನ ಒಳಮೈಗೆ ಟಕ್ಕೆಂದು ತಾಗಿತ್ತು, ಮೂಳೆಯಿರಬೇಕೆಂದು ಅವಳು ಮುಚ್ಚಳ ಹಾಕಿದ್ದಳು. ತಾನು ಬೈಸಿಕೊಳ್ಳಬಾರದೆಂದು ಸುಳ್ಳು ಬರೆಯುತ್ತಿದ್ದಾಗ, ಈ ಮನುಷ್ಯ ತನ್ನನ್ನು ಉಳಿಸಲು ಹಸಿದುಕೊಂಡು ಮಲಗಿದ್ದ. ಊಟ ಹೇಗಿದೆ ಎಂದು ಕೇಳಿದ್ದಕ್ಕೆ ವೆರಿ ಗುಡ್ ಅಂದಿದ್ದ. ಅವಳಿಗೆ ಅಳು ಬಂತು, ತಡೆಯಲು ಹೋಗಲಿಲ್ಲ.

ಅವಳು ಕೆಳಗೆ ಹೋಗಿ ತರಕಾರಿ, ಮೊಟ್ಟೆ ಎಲ್ಲ ನುಣ್ಣಗೆ ಅರೆಸಿ ಸೂಪು ತಂದಳು. ಹೆಡ್ ಕುಕ್ಕು ಯಾಕೆ ಎಂದು ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿದಳು. ಅವನು ಮೊದಲ ಬಾರಿಗೆ ಬೈಯಲಿಲ್ಲ. ಮುದುಕ ಎರಡು ಬಟ್ಟಲು ಕುಡಿದ. ಅವಳು ಚಮಚ ಹಿಡಿದಿದ್ದಳು, ಅವನು ಥ್ಯಾಂಕ್ಸ್ ಎಂದಾಗಲೆಲ್ಲ ಬಟ್ಟಲಿನ ಕಡೆ ನೋಡುತ್ತಿದ್ದಳು.

ಸಂಜೆ ಮೇಡಂ ಕರೆಸಿ ಕೂರಿಸಿದರು. "ಸಹಿ ಹಾಕಿದ್ದನ್ನ ನಾನು ಅಳಿಸಲ್ಲ. ಇಂಗ್ಲಿಷಲ್ಲಿ ನೀನು ಪಾಸೇ. ಆದ್ರೆ ಚೀಟಿ ಬರೆಯೋ ಕೆಲಸಕ್ಕೆ ನಿನ್ನನ್ನ ಹೆಂಗೆ ಇಟ್ಕೊಳ್ಳಲಿ, ನೀನೇ ಹೇಳು."

"ಇಟ್ಕೋಬೇಡಿ ಮೇಡಂ" ಎಂದಳು ಸೂಪಕ್ಕ.

ಮನೆಯಲ್ಲಿ ನಾದಿನಿ ಬಾಗಿಲಲ್ಲೇ ಕಾದಿದ್ದಳು. "ಏನಾಯ್ತು ಅತ್ತಿಗೆ?"

"ಪಾಸಾದೆ ಕಣೆ. ನಾಳೆಯಿಂದ ನೆಲಮಾಳಿಗೆ."

ನಾದಿನಿ ಅವಳ ಮುಖ ನೋಡಿದಳು. ತಾನೇ ತಟ್ಟೆ ಹಾಕಿ ಬಡಿಸಿದಳು.

ಲಿಫ್ಟಿನ ಪಕ್ಕದ ಬಕೆಟ್ಟು ಮರುದಿನವೇ ಹೋಯಿತು. ಉಳಿದದ್ದೆಲ್ಲ ಈಗ ಹೇಗಿದೆಯೋ ಹಾಗೇ ನೆಲಮಾಳಿಗೆಗೆ ಬರುತ್ತದೆ, ತಟ್ಟೆಗಟ್ಟಲೆ, ಮೂರು ಹೊತ್ತೂ. ತೊಳೆಯುವ ಹೆಂಗಸರು ಸರಸರ ಸುರಿದು ಮುಂದೆ ತಳ್ಳುತ್ತಾರೆ. ಸೂಪಕ್ಕನ ಸಾಲು ಮಾತ್ರ ಯಾವಾಗಲೂ ಹಿಂದೆ ಬೀಳುತ್ತದೆ. ಏನಮ್ಮ ಮಾಡ್ತಿದ್ದೀ, ಬೇಗ ಬೇಗ, ಎಂದು ಮೇಸ್ತ್ರಿ ಗದರುತ್ತಾನೆ. ಅವಳ ಅಂಗೈ ಮತ್ತೆ ಬಿರಿದಿದೆ. ಆ ಉರಿಯುವ ಬೆರಳುಗಳಿಂದ ಪ್ರತಿ ತಟ್ಟೆಯ ಪ್ರತಿ ಟಿಶ್ಯೂ ಉಂಡೆಯನ್ನೂ ಎತ್ತಿ, ಬಿಡಿಸಿ, ಒಳಗೆ ಏನೂ ಇಲ್ಲವೆಂದು ನೋಡಿ ಆಮೇಲೆ ಎಸೆಯುತ್ತಾಳೆ.