ಬಾಣಂತಿ ಚೇಳು

ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನಾನು ಜಪಾನಿನ ಇಚಿಕಾವಾದಲ್ಲಿ ಮಗಳು ಕಾತ್ಯಾಯಿನಿಯ ಮನೆಯಲ್ಲಿದ್ದೆ. ಅವಳದು ಚೇಳುಗಳ ಸಂಶೋಧನೆ. ಹಾಸಿಗೆ ಇಡುವ ಗೋಡೆಕಪಾಟಿನ ಮೇಲಿನ ಹಲಗೆಯಲ್ಲಿ ನನ್ನ ದೇವರ ತಟ್ಟೆ, ಕೆಳಗೆ ಅವಳ ಚೇಳಿನ ಡಬ್ಬಿ. ಮನೆಯಲ್ಲಿ ಬೆಚ್ಚಗೆ, ಕತ್ತಲಾಗಿ ಇರುವ ಜಾಗ ಅದೊಂದೇ.

ದಕ್ಷಿಣದ ದ್ವೀಪಗಳಲ್ಲಿ ಮರದ ತೊಗಟೆಯಡಿ ಬದುಕುವ ಚೇಳು ಅದು. ನನ್ನ ಕಿರುಬೆರಳಿನ ಅರ್ಧದಷ್ಟು. ಗಂಡಿನ ಹಂಗಿಲ್ಲದೆ ಗಬ್ಬವಾಗಿ, ಮೊಟ್ಟೆಯಿಡದೆ ಮರಿಗಳನ್ನೇ ಹೆರುತ್ತದೆ.

ಮಗಳು ಎರಡು ದಿನಕ್ಕೆ ಹಮಾಮತ್ಸುವಿಗೆ ಹೊರಟಳು. "ದಿನಕ್ಕೊಂದ್ಸಲ ನೀರು ಸ್ಪ್ರೇ ಮಾಡಮ್ಮ. ಒಂದು ಗೆದ್ದಲು ಹಾಕು, ಸಾಕು. ಡಬ್ಬಿ ಮಾತ್ರ ಅಲ್ಲಾಡಿಸ್ಬೇಡ, ಪ್ಲೀಸ್. ಈ ಮರಿಗಳಿಗೆ ಒಂದು ವರ್ಷದಿಂದ ಕಾಯ್ತಿದ್ದೀನಿ."

"ನಿನ್ನನ್ನು ಹೆತ್ತ ಬಾಣಂತನದಲ್ಲೂ ನಾನು ಇಷ್ಟು ಹೇಳಿಸಿಕೊಂಡಿರಲಿಲ್ಲ," ಎಂದೆ.

ಮರುದಿನ ಯಜಮಾನರ ಮಾಸಿಕ. ಮಗ ಊರಿನಲ್ಲಿ ಮಾಡುತ್ತಿದ್ದ. ನಾನು ಇಲ್ಲಿ ಮಡಿಯಲ್ಲಿ ನೈವೇದ್ಯವನ್ನಾದರೂ ಇಡಬೇಕು. ಬೆಳಿಗ್ಗೆ ಕಪಾಟು ತೆರೆದರೆ ಚೇಳಿನ ಬೆನ್ನ ಮೇಲೆ ಅಕ್ಕಿನುಚ್ಚಿನಂಥ ಬಿಳಿಯ ಮರಿಗಳು. ಹದಿನಾಲ್ಕು. ದೇವರ ಕಾಲಡಿಯಲ್ಲೇ ಹೆರಿಗೆ! ಪುರುಡಿನಲ್ಲಿ ನೈವೇದ್ಯವೆಂತು?

ಡಬ್ಬಿಯನ್ನು ಮೆಲ್ಲಗೆ ಎತ್ತಿ ಬಚ್ಚಲ ಬದಿಯ ವಾಷಿಂಗ್ ಮೆಷಿನ್ ಮೇಲಿಟ್ಟೆ. ಸ್ನಾನ ಮಾಡಿ, ಬಿಟ್ಟ ಸೀರೆಯನ್ನು ಎಂದಿನಂತೆ ಮೆಷಿನ್ನಿಗೆ ಹಾಕಿ, ಗುಂಡಿ ಒತ್ತಿ ಪೂಜೆಗೆ ಕೂತೆ.

ಪೂಜೆ ಮುಗಿಸಿ ನೀರು ಚಿಮುಕಿಸಲು ಹೋದಾಗ ತಾಯಿಯ ಇಕ್ಕಳಗೈಯಲ್ಲಿ ಒಂದು ಮರಿ ಅರ್ಧ ಉಳಿದಿತ್ತು. ಬೆನ್ನ ಮೇಲೆ ಐದು.

ಫೋನು ಮಾಡಿದೆ.

"ಮೆಷಿನ್ ಮೇಲಾ? ಅದೂ ಆನ್ ಮಾಡಿ? ಯಾಕಮ್ಮಾ?"

"ಪುರುಡು ಕಣೆ. ಇವತ್ತು ನಿಮ್ಮಪ್ಪನ ಮಾಸಿಕ."

"ಚೇಳು ನಮ್ಮ ಗೋತ್ರದ್ದಾ, ಪುರುಡು ಹಿಡಿಯೋಕೆ?"

"ಈಗ ವಾಪಸ್ ಕಪಾಟಿನಲ್ಲಿಡಲಾ?"

"ಬೇಡ! ಮುಟ್ಲೇಬೇಡ. ಇನ್ನೊಂದ್ಸಲ ಹೆದರಿದ್ರೆ ಉಳಿದಿದ್ದನ್ನೂ ತಿನ್ನುತ್ತೆ. ಮರಿಗಳು ಪೊರೆ ಬಿಟ್ಟು ತಾವೇ ಇಳೀಲಿ. ಹತ್ತು ದಿನ ಆಗ್ಬಹುದು." ಬೈಯದೆ ಫೋನಿಟ್ಟಳು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಬಾಣಂತಿಯನ್ನು ಹತ್ತು ದಿನ ಯಾರೂ ಕೆಣಕದಿರಲೆಂದೇ ಹಿರಿಯರು ಪುರುಡಿಟ್ಟರೆಂದು ಎಷ್ಟು ಮನೆಗಳಲ್ಲಿ ಹೇಳಿದವಳು ನಾನು! ದೇವರ ತಟ್ಟೆ ಒಂದೇ ಕೈಗೆ ಹಗುರ. ಅದನ್ನೇ ಅಡುಗೆಮನೆಗೆ ಒಯ್ದಿದ್ದರೆ ದೇವರೇನೂ ಬೆದರುತ್ತಿರಲಿಲ್ಲ. ಈ ಬುದ್ಧಿ ಬೆಳಿಗ್ಗೆ ಎಲ್ಲಿ ಸತ್ತಿತ್ತು?

ಒದ್ದೆ ಸೀರೆ ಮೆಷಿನ್ನಿನೊಳಗೇ ಇತ್ತು. ಬಾಗಿಲೆಳೆದರೆ ಮೆಷಿನ್ ಅದುರುತ್ತದೆ. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಯಜಮಾನರು ಕೊಡಿಸಿದ ಕೊನೆಯ ಸೀರೆ ಅದು. ಹತ್ತು ದಿನದಲ್ಲಿ ಬೂಷ್ಟು ಹಿಡಿಯುತ್ತದೆ.

ಹಿಡಿಯಲಿ.