ನಟ್ಟಿನ ಮೇಲಿನ ಹಳದಿ ಗೆರೆ

ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ. ಮಾವ ನಟ್ಟು ಬಿಗಿ ಮಾಡುತ್ತಾರೆ. ನಾನು ಅದೇ ಸ್ಪ್ಯಾನರ್ ತೆಗೆದುಕೊಂಡು ಇನ್ನೊಮ್ಮೆ ಎಳೆದು ನೋಡಿ, ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತೇನೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಗೊತ್ತಾಗುತ್ತದೆ. ನಟ್ಟನ್ನು ಸಡಿಲಿಸುವವರು ಮೊದಲು ಗೆರೆ ಒರೆಸಬೇಕು. ಗೆರೆಯಿಲ್ಲ ಎಂದರೆ ಅಲ್ಲಿ ಕೆಲಸ ಬಾಕಿ ಇದೆ ಎಂದರ್ಥ.

ಈ ಕೆಲಸ ನನ್ನ ಪಾಲಿಗೆ ಬಂದದ್ದು ನನ್ನ ಅಂಜಿಕೆಯಿಂದ. ಗ್ಯಾಸ್ ಆರಿಸಿದೆನೋ ಇಲ್ಲವೋ, ಬೀಗ ಬಿತ್ತೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸು ಬರುವವಳು ನಾನು. "ಮನೇಲಿ ಬೀಗ ಜಗ್ಗೋ ಬದಲು ಇಲ್ಲಿ ಬಂದು ನಟ್ಟು ಜಗ್ಗಮ್ಮ, ಯಾರಿಗಾದ್ರೂ ಉಪಯೋಗ ಆಗುತ್ತೆ" ಎಂದು ನನ್ನ ಮದುವೆಯಾದ ಹೊಸತರಲ್ಲೇ ಮಾವ ಕರೆದರು. ಗಂಡ ಅಂದಿನಿಂದ ನನ್ನನ್ನು ಇನ್ಸ್‌ಪೆಕ್ಟರಮ್ಮ ಎನ್ನುತ್ತಾರೆ.

ಕಾರು ಮಾವನದು. ಛಾವಣಿಯಿಲ್ಲದ, ಅಲ್ಯುಮಿನಿಯಂ ಮೈಯ ಹಳೆಯ ರೇಸ್ ಕಾರು. ವಯಸ್ಸಿನಲ್ಲಿ ಅವರಿಗಿಂತ ತುಸುವೇ ಚಿಕ್ಕದು. ಗುಜರಿಯಿಂದ ತಂದು ತಾವೇ ಎಬ್ಬಿಸಿ ನಿಲ್ಲಿಸಿದ್ದು. ಈ ವರ್ಷ ಮುಂದಿನ ಚಕ್ರಗಳ ಡ್ರಮ್ ಬ್ರೇಕ್ ಕಿತ್ತು ಡಿಸ್ಕ್ ಬ್ರೇಕ್ ಕೂರಿಸಿದ್ದರು. ಅದನ್ನು ಹಿಡಿದಿಡುವ ಬ್ರಾಕೆಟ್‌ಗಳನ್ನೂ ಉಕ್ಕಿನ ಹಲಗೆಯಿಂದ ತಾವೇ ಕೊಯ್ದು ಮಾಡಿದ್ದರು. ಓಡಿಸುವವರು ನನ್ನ ಗಂಡ.

ರೇಸಿನ ಬೆಳಿಗ್ಗೆ, ರೇಸ್ ರಸ್ತೆಯ ಪಕ್ಕ ನಮಗೆ ಕೊಟ್ಟಿದ್ದ ಶೆಡ್ಡಿಗೆ ತಪಾಸಣೆಯವರು ಬಂದು ಕಾರಿನಡಿಗೆ ಟಾರ್ಚ್ ಬಿಟ್ಟರು. "ಯಜಮಾನ್ರೇ, ಇಲ್ಲೇ ಕೂತು ಊಟ ಮಾಡಬಹುದು!" ಎಂದು ನಗುತ್ತಾ ಒಪ್ಪಿಗೆಯ ಚೀಟಿ ಅಂಟಿಸಿ ಹೋದರು. ಮಾವ ಹಿಗ್ಗಿದರು. ನಾನು ಅಭ್ಯಾಸ ಬಲದಿಂದ ಒಮ್ಮೆ ಬಗ್ಗಿ ನೋಡಿದೆ.

ನಾನು ಗೆರೆಯನ್ನು ನಟ್ಟಿನಿಂದ ಹೊರಗೆ ಎಳೆಯುತ್ತೇನೆ. ಕುಂಚ ಎತ್ತುವ ಕಡೆ ಅದು ಇಲಿಯ ಬಾಲದಂತೆ ಸಣ್ಣಗಾಗುತ್ತದೆ. ಈ ಗೆರೆಗಳ ಬಾಲ ನಟ್ಟಿನ ಮೇಲಿತ್ತು. ಒಂದರದಲ್ಲ, ಎಲ್ಲದರದೂ.

"ಮಾವ, ಈ ಗೆರೆಗಳು ನನ್ನವಲ್ಲ."

"ಗೆರೆಗೂ ಸಹಿ ಹಾಕ್ತೀಯೇನಮ್ಮ?"

"ಯಾರು ಹಾಕಿದ್ದು?"

ಮಾವ ಕನ್ನಡಕ ಒರೆಸಿಕೊಂಡರು. "ನಿನ್ನೆ ಅಡಿಯೆಲ್ಲ ಪೆಟ್ರೋಲ್‌ನಲ್ಲಿ ಒರೆಸಿದೆ. ಬಣ್ಣ ಎದ್ದುಬಂತು. ತಪಾಸಣೆಯವರ ಮುಂದೆ ಬೋಳು ನಟ್ಟು ತೋರಿಸ್ಕೊಂಡು ನಿಲ್ಲೋಕಾಗುತ್ತಾ? ನಾನೇ ಹಾಕಿದೆ. ಬಿಗಿ ಮಾಡಿದವನೂ ನಾನೇ ತಾನೆ?"

"ಒರೆಸೋ ಮುಂಚೆ ಗೆರೆಯಿಲ್ಲದ ನಟ್ಟು ಯಾವುದಾದ್ರೂ ಇತ್ತಾ?"

ಅವರು ಕನ್ನಡಕ ಹಾಕಿಕೊಂಡು ಕಾರಿನಡಿ ಇಣುಕಿದರು. "ಇರಲಿಲ್ಲ... ಅನ್ಸುತ್ತೆ."

ಕೆಲಸ ಬಾಕಿಯಿದ್ದ ನಟ್ಟು ಒಂದಿದ್ದರೂ ಅದಕ್ಕೂ ಈಗ ಗೆರೆ ಬಿದ್ದಿತ್ತು.

ಗಂಡ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದರು. "ಸಾಲಿಗೆ ಕರೀತಿದಾರೆ. ಈಗ ಒಂದೊಂದೇ ನೋಡ್ತಾ ಕೂತ್ರೆ ಮೊದಲನೇ ರೇಸ್ ಗೋವಿಂದ."

"ಹೋದ್ರೆ ಹೋಗ್ಲಿ."

"ಗ್ಯಾಸ್ ನೋಡೋಕೂ ಹೀಗೇ ಓಡ್ತೀಯ. ಒಂದು ದಿನನಾದ್ರೂ ಉರೀತಿತ್ತಾ?"

ಒಮ್ಮೆಯೂ ಉರಿಯುತ್ತಿರಲಿಲ್ಲ. ಹಾಗಾಗಿ ಮುಂದಿನ ಚಕ್ರಗಳ ಎದುರು ನೆಲದ ಮೇಲೆ ಕೂತುಬಿಟ್ಟೆ. "ಹೋಗೋದಾದ್ರೆ ನನ್ನ ಮೇಲೆ ಹತ್ತಿಸ್ಕೊಂಡು ಹೋಗಿ."

"ಅಪ್ಪಾ, ನೋಡಿ ನಿಮ್ಮ ಸೊಸೇನ!"

ಮಾವ ಅವರ ಮಾತಿಗೆ ಕಿವಿಗೊಡದೆ ಜಾಕ್ ತಂದರು. "ಅವಳು ಏಳಲ್ಲ ಕಣೋ. ಸ್ಪ್ಯಾನರ್ ಕೊಡು."

ಸ್ಟೀರಿಂಗಿನಿಂದ ಶುರು ಮಾಡಿದೆವು. ಮಾವ ಎಳೆಯುವುದು, ನಾನು ಎಳೆಯುವುದು, ಗಂಡ ಹರಾಜು ಕೂಗುವವರ ಹಾಗೆ "ಬಿಗೀ!" ಎನ್ನುವುದು. ಹೊರಗೆ ಇಂಜಿನ್‌ಗಳು ಒಟ್ಟಿಗೆ ಗುಡುಗಿ ದೂರವಾದವು. ಮೊದಲ ರೇಸು ನಮ್ಮನ್ನು ಬಿಟ್ಟು ಹೋಯಿತು. ಗಂಡ ಕೂಗುವುದನ್ನು ನಿಲ್ಲಿಸಿ ಮುಖ ಗಂಟಿಕ್ಕಿಕೊಂಡರು. ಎಲ್ಲವೂ ಬಿಗಿಯಾಗಿಯೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಇಷ್ಟು ರಂಪ ಮಾಡಿದ ಮೇಲೆ ಒಂದಾದರೂ ಸಡಿಲವಿರಲಿ ಎಂದೂ ಮನಸ್ಸಿನ ಒಂದು ಮೂಲೆ ಬೇಡುತ್ತಿತ್ತು.

ಎಡಗಡೆ ಚಕ್ರದ ಬ್ರಾಕೆಟ್. ಮಾವ ಸ್ಪ್ಯಾನರ್ ಇಟ್ಟರು. ಎಳೆಯಬೇಕಾಗಲೇ ಇಲ್ಲ. ನಟ್ಟು ಶಬ್ದವಿಲ್ಲದೆ ತಿರುಗಿತು. ಮೇಲಿನ ಗೆರೆ ಎರಡಾಯಿತು.

ಮಾವ ಅದನ್ನೇ ನೋಡುತ್ತಿದ್ದರು. "ವಾಷರ್ ಹಾಕೋಕೆ ಸಡಿಲಿಸಿದ್ದೆ. ಅಷ್ಟರಲ್ಲಿ ವೆಲ್ಡಿಂಗ್‌ನವನು ಕೂಗಿದ, ಎದ್ದುಹೋದೆ. ಗೆರೆ ಒರೆಸಿಯೇ ಹೋಗಿದ್ದೆ ಕಣಮ್ಮ. ಬಂದು ನೋಡಿದ್ರೆ ಗೊತ್ತಾಗುತ್ತೆ ಅಂತ. ಬಂದವನು ಪೆಟ್ರೋಲ್ ಬಟ್ಟೆ ಕೈಗೆತ್ಕೊಂಡೆ."

ಗಂಡ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ನೀನೇ ಬಿಗಿ ಮಾಡೋ," ಎಂದು ಮಾವ ಮಗನ ಕೈಗೆ ಸ್ಪ್ಯಾನರ್ ಕೊಟ್ಟರು.

ಗಂಡ ಬಿಗಿ ಮಾಡಿದರು, ನಾನು ಎಳೆದು ನೋಡಿದೆ. ಉಳಿದವನ್ನೂ ಮುಗಿಸಿದೆವು.

ಮಧ್ಯಾಹ್ನ ಎರಡನೇ ರೇಸಿಗೆ ನಮ್ಮ ಕಾರು ಎಲ್ಲರ ಹಿಂದೆ ನಿಲ್ಲಬೇಕಾಯಿತು. ಹೊರಡುವ ಮುಂಚೆ ಗಂಡ, "ಇನ್ಸ್‌ಪೆಕ್ಟರಮ್ಮ, ಬಿಡ್ತೀರಾ?" ಎಂದರು. ತಮಾಷೆ ಅರ್ಧಕ್ಕೇ ನಿಂತಿತು. ಅವರು ನಿಜವಾಗಿಯೂ ಕೇಳುತ್ತಿದ್ದರು.

"ಹೋಗಿ ಬನ್ನಿ," ಎಂದೆ.

ಮಾವ ಯಾವತ್ತೂ ರಸ್ತೆಯ ಪಕ್ಕದ ಗೋಡೆಗೆ ಒರಗಿ ನೋಡುವವರು, ಅವತ್ತು ಶೆಡ್ಡು ಬಿಟ್ಟು ಬರಲಿಲ್ಲ. ಮಡಚುವ ಕುರ್ಚಿಯ ಮೇಲೆ ಕೂತು ತಲೆ ತಗ್ಗಿಸಿದ್ದರು. ನಾನೂ ಹೋಗಲಿಲ್ಲ, ಅವರ ಪಕ್ಕದಲ್ಲಿ ನಿಂತೆ. ಅಷ್ಟು ಕಾರುಗಳ ನಡುವೆಯೂ ನಮ್ಮದರ ಒಡಕು ದನಿ ಬೇರೆಯಾಗಿ ಕೇಳುತ್ತಿತ್ತು. ನೇರ ರಸ್ತೆಯಲ್ಲಿ ತಿರುವಿನವರೆಗೆ ಅದು ಏರುತ್ತಾ ಹೋಯಿತು.

"ಈಗ ಬ್ರೇಕ್ ಒತ್ತುತ್ತಾನೆ," ಎಂದು ಮಾವ ಕಣ್ಣು ಮುಚ್ಚಿದರು.

ದನಿ ತಗ್ಗಿತು. ಗೇರ್ ಇಳಿಯಿತು. ಮತ್ತೆ ಏರತೊಡಗಿತು.

"ಹ್ಞೂಂ, ತಿರುಗಿದ," ಎಂದರು.

ಪ್ರತಿ ಸುತ್ತಿಗೂ ಹಾಗೆಯೇ ಹೇಳಿದರು. ನನಗೂ ಕೇಳುತ್ತಲೇ ಇತ್ತು. ಆದರೂ ಅವರು ಹೇಳುವವರೆಗೆ ನಾನು ಉಸಿರು ಬಿಡಲಿಲ್ಲ.